ಮಾವನವರ ಉಲ್ಟಾ ಗಾಡಿ

ನನಗೆ ಎಡ, ಬಲ ಎಂದು ದಾರಿ ಹೇಳಲು ಬರುವುದಿಲ್ಲ. ಮೊನ್ನೆ ಜಮಖಂಡಿಯಲ್ಲಿ ಆಟೋದವನು ಸರ್ಕಲ್ಲಿಗೆ ಬಂದವನೇ, ಎಡಕ್ಕೋ ಬಲಕ್ಕೋ ಎಂದು ಕೇಳಿದ. ನನ್ನ ಬಾಯಿಂದ ಥಟ್ಟನೆ ಬಂದದ್ದು, ಚಿಮಣಿ ಕಡೆ ಎಂಬ ಮಾತು. ಅವನು ಗಾಡಿ ನಿಧಾನ ಮಾಡಿ ಕನ್ನಡಿಯಲ್ಲಿ ನನ್ನನ್ನು ನೋಡಿದ. ಆ ಸರ್ಕಲ್ಲಿನಲ್ಲಿ ಬಾಳೆಹಣ್ಣಿನ ಗಾಡಿಗಳಿವೆ, ಮೊಬೈಲ್ ಅಂಗಡಿಗಳಿವೆ, ಮಿರ್ಚಿ ಕರಿಯುವವನಿದ್ದಾನೆ. ಚಿಮಣಿ ಮಾತ್ರ ಎಲ್ಲೂ ಇಲ್ಲ. ಕೊನೆಗೆ ಕೈ ಚಾಚಿ ತೋರಿಸಿದೆ. ಇಳಿಯುವಾಗ ಅವನು ಬಹಳ ಮರ್ಯಾದೆಯಿಂದ, ಯಾವೂರಿನವರು ಎಂದು ವಿಚಾರಿಸಿದ. ಇದೇ ಊರಿನವಳು ಎನ್ನಲು ನಾಚಿಕೆಯಾಗಿ ಬನಹಟ್ಟಿ ಎಂದೆ. ಅದೇನೂ ಸುಳ್ಳಲ್ಲ. ಹುಟ್ಟಿದ್ದು ಇಲ್ಲಿ, ಕೊಟ್ಟದ್ದು ಅಲ್ಲಿಗೆ.

ಇನ್ನೂ ನಾಚಿಕೆಗೇಡಿನ ಸಂಗತಿಯೆಂದರೆ ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಗೋಡೆಗೆ ನಕಾಶೆ ತೂಗುಹಾಕಿ ದಿಕ್ಕುಗಳನ್ನು ತೋರಿಸುವುದು ನನ್ನ ಸಂಬಳದ ಕೆಲಸ. ಮಕ್ಕಳಿಗೆ ಈ ಸಂಗತಿ ಗೊತ್ತಾಗದಂತೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದೇನೆ.

ಆಟೋದವನ ಪ್ರಸಂಗವನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಗುತ್ತಿದ್ದಾಗ ನಮ್ಮ ಪಿ.ಟಿ. ಮಾಸ್ತರು ಮೊಬೈಲಿನಲ್ಲಿ ಏನನ್ನೋ ನೋಡುತ್ತ ಕುಳಿತಿದ್ದರು. ಅವರಿಗೆ ಗಾಡಿಗಳ ಹುಚ್ಚು. ಬನ್ನಿ ಮೇಡಂ ನೋಡಿ ಎಂದು ನನಗೂ ತೋರಿಸಿದರು. ಮೋಟಾರ್ ಸೈಕಲ್ಲಿನ ಹಾಗೆ ಕಾಲು ಚೆಲ್ಲಿ ಕೂಡುವ, ಆದರೆ ನಾಲ್ಕು ದಪ್ಪ ಗಾಲಿಗಳಿದ್ದ ಒಂದು ಗಾಡಿ ಮರಳಿನಲ್ಲಿ, ಕೆಸರಿನಲ್ಲಿ, ಕಲ್ಲಿನ ಗುಡ್ಡದ ಮೇಲೆ ಎಲ್ಲೆಂದರಲ್ಲಿ ನುಗ್ಗುತ್ತಿತ್ತು. ಅದನ್ನು ಕೊಂಡವರು ಕೊಂಡ ಹಾಗೆಯೇ ಓಡಿಸುವುದಿಲ್ಲವಂತೆ. ಗಾಲಿ ಬದಲಿಸುತ್ತಾರಂತೆ, ಎತ್ತರಿಸುತ್ತಾರಂತೆ, ಹಿಂದೆ ಮುಂದೆ ಪೆಟ್ಟಿಗೆ ಕಟ್ಟಿಸುತ್ತಾರಂತೆ. ಕೆಲವರು ಎಲ್ಲವನ್ನೂ ಮನೆಯ ಹಿಂದೆಯೇ ಕೂಡಿಸಿ ಹೊಸದಾಗಿ ಕಟ್ಟುತ್ತಾರಂತೆ. ಇಂಥದ್ದನ್ನು ನೋಡಿದ್ದೀರಾ ಎಂದು ಕೇಳಿದರು. ನೋಡುವುದೇನು, ಕೂತಿದ್ದೇನೆ ಎಂದೆ. ಯಾವ ಕಂಪನಿಯದು ಎಂದರು. ನಮ್ಮ ಮಾವನವರದು ಎಂದೆ. ಅವರು ನಕ್ಕರು. ನಾನು ನಗಲಿಲ್ಲ. ಹಾಗೆ ಶುರುವಾಯಿತು ಈ ನೆನಪು.

ನಮ್ಮ ಮಾವನವರು ಬನಹಟ್ಟಿಯಲ್ಲಿ ಜಾಬರ್ ಆಗಿದ್ದರು. ಪಾವರ್‌ಲೂಮ್ ಕೆಟ್ಟರೆ ಸರಿಮಾಡುವವರಿಗೆ ನಮ್ಮಲ್ಲಿ ಜಾಬರ್ ಎನ್ನುತ್ತಾರೆ. ಅವರ ಮನೆತನ ಬೀಳಗಿ ಕಡೆಯದು, ಕುರಿ ಕಾಯುವ ಮನೆತನ, ಮನೆದೇವರು ಬೀರೇಶ್ವರ. ವಂಶದಲ್ಲಿ ಕುರಿ ಬಿಟ್ಟು ಮಗ್ಗದ ಕಡೆಗೆ ಬಂದವರಲ್ಲಿ ಇವರೇ ಮೊದಲಿಗರು. ಅವರ ತಮ್ಮ ಬೀರಪ್ಪ ಕಾಕಾ ಮಾತ್ರ ಕುರಿಗಳ ಜೊತೆ ಅಲ್ಲೇ ಉಳಿದರು. ಆಮೇಲೆ ಆಲಮಟ್ಟಿಯ ಹಿನ್ನೀರು ಬಂದು ಊರೇ ನೀರಿನೊಳಗೆ ಹೋಯಿತು. ಎತ್ತರದ ಜಾಗದಲ್ಲಿ ಗೆರೆ ಎಳೆದಂಥ ಬೀದಿಗಳ ಹೊಸ ಊರಾಯಿತು. ಕಾಕಾ ಹೊಸ ಊರಿನಲ್ಲಿ ಮಲಗುತ್ತಿದ್ದರು, ಮನಸ್ಸು ಮಾತ್ರ ಹಳೆಯ ಊರಿನ ಕಡೆಗೇ ಇತ್ತು.

ನಾನು ಆ ಮನೆಗೆ ಸೊಸೆಯಾಗಿ ಹೋದಾಗ ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಮಾತಿನ ಪದ್ಧತಿ. ಮಾವ ಸೊಸೆಯ ಜೊತೆ ನೇರ ಮಾತನಾಡಬಾರದು, ಸೊಸೆ ಮಾವನ ಮುಂದೆ ಕೂಡಬಾರದು. ಮಾವನವರಿಗೆ ಚಹಾ ಬೇಕಾದರೆ ಅವರು ಪಡಸಾಲೆಯ ಬಾಗಿಲ ಚೌಕಟ್ಟಿಗೆ ಹೇಳುತ್ತಿದ್ದರು. ಚಹಾ ಆದರೆ ಬರಲಿ ಎಂದು ಚೌಕಟ್ಟಿಗೆ ಹೇಳಿದರೆ ನಾನು ಒಳಗಿನಿಂದ ಕೇಳಿಸಿಕೊಂಡು ಮಾಡಿ ತರುತ್ತಿದ್ದೆ. ನಾನು ಶಾಲೆಯಿಂದ ತಡವಾಗಿ ಬಂದರೆ, ಬಸ್ಸು ಕೆಟ್ಟಿರಬೇಕು ಎಂದು ಬೆಕ್ಕಿಗೆ ಹೇಳುತ್ತಿದ್ದರು. ನಾನೂ ಕಲಿತುಬಿಟ್ಟೆ. ಹೌದು, ಚಿಮ್ಮಡದ ಹತ್ತಿರ ಪಂಕ್ಚರ್ ಆಗಿತ್ತು ಎಂದು ಬೆಕ್ಕಿಗೇ ಉತ್ತರ ಕೊಡುತ್ತಿದ್ದೆ. ನಮ್ಮ ಮನೆಯ ಬೆಕ್ಕಿಗೆ ಇಡೀ ತಾಲೂಕಿನ ಬಸ್ಸುಗಳ ಹಕೀಕತ್ತು ಗೊತ್ತಿತ್ತು. ಬಹಳ ಪ್ರೀತಿಯ ಮನುಷ್ಯರು, ಊಟಕ್ಕೆ ಕೂತಾಗ ಸೊಸೆ ಉಂಡಳೋ ಇಲ್ಲವೋ ಎಂದು ಅತ್ತೆಯನ್ನು ಕೇಳದೆ ಎಂದೂ ತಟ್ಟೆಗೆ ಕೈ ಇಟ್ಟವರಲ್ಲ. ಆದರೆ ನನ್ನ ಹೆಸರು ಅವರ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ನಿವೃತ್ತರಾದ ಮೇಲೆ ಅವರ ಕೈ ಸುಮ್ಮನಿರಲಿಲ್ಲ. ಮನೆಯ ಮಿಕ್ಸರ್ ಬಿಚ್ಚಿದರು, ಗಡಿಯಾರ ಬಿಚ್ಚಿದರು, ಚೆನ್ನಾಗಿ ತಿರುಗುತ್ತಿದ್ದ ಫ್ಯಾನನ್ನೂ ಬಿಚ್ಚಿದರು. ಅತ್ತೆ ತಲೆ ಚಚ್ಚಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಒಂದು ಸಲ ಬೀಳಗಿ ಕಡೆಗೆ ಹೋಗಿಬಂದವರು ಊಟ ಮಾಡದೆ ಬಹಳ ಹೊತ್ತು ಕೂತಿದ್ದರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ಊರಿನ ದಿಬ್ಬ ಮೇಲೆ ಬರುತ್ತದೆ, ಸುತ್ತ ಹುಲುಸಾಗಿ ಹುಲ್ಲು ಹುಟ್ಟುತ್ತದೆ. ಕಾಕಾ ಕುರಿಗಳನ್ನು ಅಲ್ಲಿಗೇ ಹೊಡೆದುಕೊಂಡು ಹೋಗುತ್ತಿದ್ದರು. ಕುರಿ ಅಲ್ಲಿಯೇ ಈದರೆ ಎಳೆ ಮರಿಗಳನ್ನು ಕಂಬಳಿಯಲ್ಲಿ ಕಟ್ಟಿ ಹೆಗಲ ಮೇಲೆ ಹೊತ್ತು ಆ ಕೆಸರಿನಲ್ಲಿ ಮೊಣಕಾಲುದ್ದ ಹೂತುಕೊಳ್ಳುತ್ತ ಊರಿಗೆ ಬರಬೇಕು. ತಮ್ಮನ ಹೆಗಲು ಒಂದು ಕಡೆಗೆ ಇಳಿದುಹೋಗಿರುವುದನ್ನು ಮಾವನವರು ಆ ಸಲ ನೋಡಿದ್ದರಂತೆ. ಇದನ್ನು ಅತ್ತೆ ನನಗೆ ಹೇಳಿದರು.

ನಮ್ಮ ಕಡೆಯ ಎರೆ ಮಣ್ಣನ್ನು ನೋಡದವರಿಗೆ ಇದು ತಿಳಿಯುವುದಿಲ್ಲ. ಒಣಗಿದರೆ ಕಾಲು ತೂರುವಷ್ಟು ಬಿರಿಯುತ್ತದೆ. ನೆನೆದರೆ ಚಪ್ಪಲಿಯನ್ನಷ್ಟೇ ಅಲ್ಲ, ಹಾಕಿಕೊಂಡವರನ್ನೂ ಬಿಡುವುದಿಲ್ಲ. ಎತ್ತಿನ ಗಾಡಿ ಅಚ್ಚಿನವರೆಗೆ ಇಳಿಯುತ್ತದೆ. ಟ್ರ್ಯಾಕ್ಟರು ತನ್ನ ಭಾರಕ್ಕೆ ತಾನೇ ಹೂತುಕೊಂಡು ಇನ್ನೊಂದು ಟ್ರ್ಯಾಕ್ಟರಿನ ದಾರಿ ಕಾಯುತ್ತದೆ. ಅಂಥಲ್ಲಿ ಓಡುವ ಗಾಡಿ ಹಗುರವಾಗಿರಬೇಕು, ಗಾಲಿ ಅಗಲವಾಗಿರಬೇಕು, ಕೆಸರಿಗೆ ಏನೂ ತಾಗಬಾರದು. ಮಾವನವರು ಚೌಕಟ್ಟಿಗೆ ಇಷ್ಟು ಹೇಳಿ ಮರುದಿನ ಗುಜರಿ ಅಂಗಡಿಗೆ ಹೊರಟರು.

ಆಮೇಲಿನ ತಿಂಗಳುಗಳಲ್ಲಿ ನಮ್ಮ ಹಿತ್ತಲಲ್ಲಿ ನಡೆದದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಪಾತ್ರೆ ತೊಳೆಯುವ ನೆಪದಲ್ಲಿ ಎಷ್ಟು ನೋಡಿದೆನೆಂದರೆ ನಮ್ಮ ಮನೆಯ ಪಾತ್ರೆಗಳು ಆ ವರ್ಷ ಹೊಳೆದ ಹಾಗೆ ಮತ್ತೆಂದೂ ಹೊಳೆಯಲಿಲ್ಲ. ಸಾಮಾನು ಒಯ್ಯುವ ಹಳೆಯ ಆಟೋ ಒಂದರ ಎಂಜಿನ್ ಬಂತು. ಮುರಿದ ಜೀಪಿನ ಹಿಂದಿನ ಅಚ್ಚು ಬಂತು. ಸವೆದ ಟೈರುಗಳನ್ನು ಜೋಡಿ ಜೋಡಿಯಾಗಿ ಕೂಡಿಸಿ, ಒಂದೊಂದು ಕಡೆಗೆ ಎರಡೆರಡು ಹಾಕಿ ಗಾಲಿಯನ್ನು ಅಗಲ ಮಾಡಿದರು. ಉಳಿದದ್ದೆಲ್ಲ ಮಗ್ಗದ್ದೇ. ಮಗ್ಗವನ್ನು ನಿಲ್ಲಿಸುವ ಹ್ಯಾಂಡಲ್ಲು ಬ್ರೇಕ್ ಆಯಿತು. ನೂಲು ಸುತ್ತುವ ಬೀಮಿನ ತಟ್ಟೆಗಳು ಮುಂದಿನ ತೊಟ್ಟಿಲಿಗೆ ಗೋಡೆಗಳಾದವು. ಆ ತೊಟ್ಟಿಲು ಮರಿಗಳಿಗೆ. ಗೇರಿನ ಕೋಲಿನ ತುದಿಗೆ ಹಳೆಯ ಲಾಳಿಯೊಂದನ್ನು ಕೂಡಿಸಿದರು. ಎಷ್ಟು ಸಾವಿರ ಸಲ ಆ ಕಡೆಯಿಂದ ಈ ಕಡೆಗೆ ಓಡಿ ನುಣುಪಾಗಿತ್ತೋ ಅದು! ಹೊಗೆಯ ಕೊಳವೆಯನ್ನು ಮನುಷ್ಯನ ತಲೆಗಿಂತ ಮೇಲೆ ಒಯ್ದು ನಿಲ್ಲಿಸಿದರು. ದಿನದಿನಕ್ಕೆ ಅದು ಗಾಡಿಯ ರೂಪ ತಾಳುವುದನ್ನು ನೋಡುತ್ತ ನನಗೆ ನಿಜವಾಗಿಯೂ ಉಸಿರು ಕಟ್ಟಿದಂತಾಗುತ್ತಿತ್ತು. ಇಲ್ಲದೇ ಇದ್ದ ಒಂದು ವಸ್ತು ನಮ್ಮ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಇರತೊಡಗಿತ್ತು. ಅತ್ತೆ ಮಾತ್ರ, ಮಗ್ಗಕ್ಕೆ ಗಾಲಿ ಬಂದಿದೆ, ಇನ್ನು ರೆಕ್ಕೆ ಬರುವುದಷ್ಟೇ ಬಾಕಿ ಎನ್ನುತ್ತಿದ್ದರು.

ಆ ತಪ್ಪಾದದ್ದು ಅಚ್ಚು ಕೂಡಿಸುವ ದಿನ. ಎಂಜಿನ್ನಿನಿಂದ ಹಿಂದಿನ ಗಾಲಿಗೆ ಹೋಗುವ ತಿರುಗುವ ದಂಡ ಕೆಸರಿಗೆ ತಾಗಬಾರದೆಂದು ಮಾವನವರು ಜೀಪಿನ ಅಚ್ಚನ್ನು ತಲೆಕೆಳಗು ಮಾಡಿ ಕೂಡಿಸಲು ಹೇಳಿದರು. ಹಾಗೆ ಮಾಡಿದರೆ ದಂಡ ಸ್ವಲ್ಪ ಮೇಲಕ್ಕೆ ಬರುತ್ತದೆ. ವೆಲ್ಡಿಂಗ್ ಮಾಡಲು ಬಂದಿದ್ದ ದಸ್ತಗೀರಸಾಬರು ಕನ್ನಡಕ ಎತ್ತಿ ನೋಡಿ, ಹೀಗೆ ಹಾಕಿದರೆ ಗಾಲಿ ಉಲ್ಟಾ ತಿರುಗುತ್ತದೆ ಎಂದರು.

“ತಿರುಗ್ಲಿ ಬಿಡ್ರಿ ಸಾಬರ,” ಎಂದರು ಮಾವನವರು. “ಆಮ್ಯಾಲ ಎರಡು ವಾಯರ್ ಬದಲಿ ಮಾಡಿದ್ರಾತು.”

ಈ ಮಾತಿಗೆ ಅಲ್ಲಿ ಯಾರೂ ನಗಲಿಲ್ಲ. ಕಾಂಪೌಂಡಿನ ಮೇಲೆ ಕೂತಿದ್ದ ಓಣಿಯ ಹಿರಿಯರೆಲ್ಲ ತಲೆಯಾಡಿಸಿದರು. ಏಕೆಂದರೆ ಅದು ನೇಕಾರರ ಓಣಿ. ಮಗ್ಗದ ಮೋಟರು ಉಲ್ಟಾ ತಿರುಗಿದರೆ ಕರೆಂಟಿನ ಎರಡು ವಾಯರುಗಳನ್ನು ಅದಲು ಬದಲು ಮಾಡುವುದು. ಅಷ್ಟಕ್ಕೇ ಅದು ಸರಿ ತಿರುಗುತ್ತದೆ. ಜೀವಮಾನವೆಲ್ಲ ಹಾಗೆಯೇ ಮಾಡಿದವರಿಗೆ, ಎಣ್ಣೆ ಕುಡಿದು ಓಡುವ ಎಂಜಿನ್ನಿಗೆ ಬದಲಿಸಲು ವಾಯರೇ ಇಲ್ಲ ಎಂಬುದು ಹೊಳೆಯಲಿಲ್ಲ. ದಸ್ತಗೀರಸಾಬರ ಮನೆಯಲ್ಲೂ ನಾಲ್ಕು ಮಗ್ಗಗಳಿದ್ದವು. ಹೌದಲ್ಲ ಎಂದು ಅವರೂ ಕನ್ನಡಕ ಇಳಿಸಿ ಬೆಸುಗೆ ಹಾಕಿಬಿಟ್ಟರು.

ಗಾಡಿ ಚಾಲೂ ಮಾಡುವ ದಿನ ಅದನ್ನು ಓಣಿಗೆ ತಳ್ಳಿ ತಂದರು. ಅತ್ತೆ ಕಾಯಿ ಒಡೆದರು, ಗಾಲಿಗೆ ನಿಂಬೆಹಣ್ಣು ಇಟ್ಟರು. ಮಾವನವರು ಲಾಳಿ ಹಿಡಿದು ಮೊದಲನೇ ಗೇರಿಗೆ ಹಾಕಿ, ಮುಂದಿದ್ದ ಜನರಿಗೆ ಸರಿಯಿರಿ ಎಂದು ಕೈಮಾಡಿದರು. ಎಲ್ಲರೂ ಹಿಂದಕ್ಕೆ ಹೋಗಿ ನಿಂತರು. ಗಾಡಿಯೂ ಹಿಂದಕ್ಕೇ ಬಂತು. ಓಣಿಯಲ್ಲಿ ಬಣ್ಣ ಹಾಕಿ ಒಣಗಲು ಗಳಕ್ಕೆ ಹಾಕಿದ್ದ ಕೆಂಪು ನೂಲಿನ ಲಡಿಗಳನ್ನೆಲ್ಲ ಗಾಲಿಗೆ ಸುತ್ತಿಕೊಂಡು ಎದುರುಮನೆಯ ಕಟ್ಟೆಗೆ ಹೋಗಿ ನಿಂತಿತು. ಅಲ್ಲಿ ತಿಮ್ಮಾಪುರದ ಬೀಗರು ಕೊಟ್ಟ ಒಂದು ಮುಧೋಳ ನಾಯಿ ಇತ್ತು. ಬಂದ ಗಾಡಿಗಳನ್ನೆಲ್ಲ ಬೆನ್ನು ಹತ್ತುವ ನಾಯಿ ಅದು. ಈ ಗಾಡಿಯ ಬೆನ್ನೇ ತನ್ನ ಕಡೆಗೆ ಬರುವುದನ್ನು ನೋಡಿ ಯಾವ ತುದಿಗೆ ಬೊಗಳಬೇಕೆಂದು ತಿಳಿಯದೆ ಕೂತುಬಿಟ್ಟಿತು. ನಾಲ್ಕು ಗೇರು ಮುಂದಕ್ಕೆ, ಒಂದು ಹಿಂದಕ್ಕೆ ಇರಬೇಕಾದ ಗಾಡಿಗೆ ನಾಲ್ಕೂ ಹಿಂದಕ್ಕೆ, ಒಂದೇ ಒಂದು ಮುಂದಕ್ಕೆ. ಅದೂ ಆಮೆಯ ನಡಿಗೆ. ಅಂದಿನಿಂದ ಬನಹಟ್ಟಿಯಲ್ಲಿ ಅದರ ಹೆಸರು ಉಲ್ಟಾ ಗಾಡಿ. ಮಾವನವರು ಯಾರ ಮೇಲೂ ಸಿಟ್ಟಾಗಲಿಲ್ಲ. ಗಾಲಿಯಿಂದ ನೂಲು ಬಿಡಿಸುತ್ತ ಕೂತರು. ಎಳೆ ಒಂದೂ ಹರಿಯದ ಹಾಗೆ ಬಿಡಿಸಿ ಲಡಿ ಕಟ್ಟಿ ಅವರವರ ಮನೆಗೆ ಮುಟ್ಟಿಸಿದರು.

ಇಲ್ಲಿ ನನ್ನ ತಂದೆಯವರ ಸೈಕಲ್ಲಿನ ವಿಷಯ ಹೇಳದಿದ್ದರೆ ಆಗುವುದಿಲ್ಲ. ನಾನು ಸಣ್ಣವಳಿದ್ದಾಗ ಅವರು ನನ್ನನ್ನು ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ, ತಮ್ಮ ಬೆನ್ನಿಗೆ ನನ್ನ ಬೆನ್ನು ಹಚ್ಚಿ ಕೂಡಿಸುತ್ತಿದ್ದರು. ಕಾಲು ಗಾಲಿಯ ಕಡ್ಡಿಗೆ ಸಿಕ್ಕೀತೆಂಬ ಭಯ ಅವರಿಗೆ. ಕ್ಯಾರಿಯರಿಗೆ ಒಂದು ಹಲಗೆ ಹೊಡೆದು, ಕಾಲಿಡಲು ತಗಡಿನ ಡಬ್ಬಿ ಕಟ್ಟಿದ್ದರು. ಹೀಗಾಗಿ ನಾನು ಜಮಖಂಡಿಯನ್ನೆಲ್ಲ ಅದು ದಾಟಿಹೋದ ಮೇಲೆ ನೋಡಿದವಳು. ಪೇಟೆ, ಕೆರೆ, ಗುಡ್ಡದ ಮೇಲಿನ ಅರಮನೆ, ಎಲ್ಲವೂ ನನ್ನಿಂದ ದೂರ ಹೋಗುವವೇ. ಮುಂದೇನು ಬರುತ್ತದೆ ಎಂಬುದು ತಂದೆಯವರ ಬೆನ್ನಿಗೆ ಗೊತ್ತು, ನನಗೆ ಗೊತ್ತಿಲ್ಲ. ಆ ಬೆನ್ನಿನ ಬಿಸುಪು ಮಾತ್ರ ನನಗೆ ಈಗಲೂ ನೆನಪಿದೆ.

ಗಾಡಿಯ ಅಚ್ಚನ್ನು ಬಿಚ್ಚಿ ಸರಿಮಾಡುವುದೆಂದು ಮಾವನವರು ನಿಶ್ಚಯಿಸಿದ್ದರು. ಅಷ್ಟರಲ್ಲಿ ನಾಗರ ಪಂಚಮಿ ಬಂತು. ಕಾಕಾನ ಮಗಳು ತವರಿಗೆ ಬಂದಿದ್ದಳು, ನಮ್ಮನ್ನೂ ಕರೆದಿದ್ದರು. ಗಾಡಿ ಹೇಗೂ ಇರಲಿ, ಗಾಲಿ ಕೆಸರಿನಲ್ಲಿ ನಿಲ್ಲುತ್ತವೋ ಇಲ್ಲವೋ ನೋಡಿಬಿಡೋಣವೆಂದು ಮಾವನವರು ಅದನ್ನು ಕಬ್ಬಿನ ಟ್ರೇಲರ್ ಒಂದರಲ್ಲಿ ಹಾಕಿಸಿ ಬೀಳಗಿ ಕಡೆಗೆ ತಂದರು. ನಮ್ಮ ಮನೆಯವರಿಗೆ ಆಫೀಸಿಗೆ ರಜೆ ಸಿಗಲಿಲ್ಲ. ಅತ್ತೆ, ಮಾವ, ನಾನು ಬಂದೆವು. ಕಾಕಾ ಗಾಡಿಯ ಸುತ್ತ ಒಮ್ಮೆ ತಿರುಗಿದರು. ಮರಿಗಳ ತೊಟ್ಟಿಲನ್ನು ಕೈಯಿಂದ ಸವರಿದರು. ಮೆಲುಕು ಹಾಕದ್ದನ್ನು ನಂಬಿ ತಾವು ಎಲ್ಲಿಗೂ ಹೋದವರಲ್ಲ ಎಂದು ಹೇಳಿ, ಹಬ್ಬದ ಉಂಡಿ ಕಟ್ಟಿಸಿಕೊಂಡು ಕುರಿಗಳ ಕಡೆಗೆ ನಡೆದರು. ಹಿನ್ನೀರು ಏರುವ ಕಾಲವೆಂದು ಬೇರೆಯವರ ಕುರಿಗಳೆಲ್ಲ ಆಗಲೇ ಊರಿಗೆ ಬಂದಾಗಿತ್ತು. ಕಾಕಾನ ಹಿಂಡಿನಲ್ಲಿ ಆಗತಾನೇ ಈದ ಕುರಿಗಳು ಬಹಳ. ಮರಿಗಳ ಕಾಲು ಬಲಿಯಲಿ ಎಂದು ಅವರು ದಿಬ್ಬದ ಮೇಲೆಯೇ ಉಳಿದಿದ್ದರು.

ಪಂಚಮಿಯ ಮರುದಿನ ಬೆಳಿಗ್ಗೆ ನೀರು ಬಂತು. ಈಗಲೂ ಅದನ್ನು ನೆನೆದರೆ ನನಗೆ ಅಚ್ಚರಿ. ನಮ್ಮಲ್ಲಿ ಒಂದು ಹನಿ ಮಳೆಯಿಲ್ಲ. ಬಿಸಿಲು ಬಿದ್ದಿದೆ, ಜೋಕಾಲಿ ಇನ್ನೂ ಬಿಚ್ಚಿಲ್ಲ. ಎಲ್ಲೋ ಮೇಲೆ ಘಟ್ಟದ ಸೀಮೆಯಲ್ಲಿ ಆದ ಮಳೆ ಇಲ್ಲಿ ಸದ್ದಿಲ್ಲದೆ ಏರುತ್ತದೆ. ಅಲೆಯಿಲ್ಲ, ಅಬ್ಬರವಿಲ್ಲ. ಈಗ ನೋಡಿದ ಬೇಲಿಗೂಟ ಸ್ವಲ್ಪ ಹೊತ್ತಿಗೆ ಗಿಡ್ಡಾಗಿರುತ್ತದೆ. ಊರಿನ ಗಂಡಸರೆಲ್ಲ ಹೊಳೆಯ ದಂಡೆಯಲ್ಲಿಟ್ಟ ಪಂಪ್‌ಸೆಟ್ಟುಗಳನ್ನು ಎತ್ತಿ ತರಲು ಇನ್ನೊಂದು ದಿಕ್ಕಿಗೆ ಓಡಿದ್ದರು. ಮಾಳಿಗೆಯ ಮೇಲೆ ಶಾವಿಗೆ ಒಣಹಾಕಲು ಹೋದ ಕಾಕಿ ಅಲ್ಲಿಂದಲೇ ಚೀರಿದರು. ದಿಬ್ಬದ ಹಿಂದಿನ ಹಳ್ಳ ತುಂಬಿ ಕಾಕಾ ಮತ್ತು ಕುರಿಗಳು ನಡುವೆ ಸಿಕ್ಕಿದ್ದರು. ಈ ಕಡೆಗೆ ಉಳಿದದ್ದು ಒಂದೇ ಪಟ್ಟಿ, ಕೆಸರಿನದು. ಅದರ ಮೇಲೆ ತೆಳ್ಳಗೆ ನೀರು ಹೊಳೆಯುತ್ತಿತ್ತು. ಕಾಕಾ ಒಬ್ಬರೇ ಆದರೆ ಹೇಗಾದರೂ ಎದ್ದುಬಿದ್ದು ಬಂದಾರು. ಆದರೆ ಕುರಿ ಬಿಟ್ಟು ಬರುವ ಮನುಷ್ಯ ಅವರಲ್ಲ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕಾಕಿ ಮಾಳಿಗೆಯ ಮೇಲೆಯೇ ಕುಸಿದು ಕೂತರು.

ಮಾವನವರು ಗಾಡಿಯ ಹತ್ತಿರ ಹೋಗಿ ನಿಂತರು. ಹೋಗುವುದು ಸರಿ, ಆ ಆಮೆಯ ಗೇರಿನಲ್ಲಿ ಹೋಗಬಹುದು. ಕೆಸರಿನಲ್ಲಿ ತಿರುಗಿಸಲು ಹೋದರೆ ಮುಗಿಯಿತು. ಬರುವಾಗ ಹಿಂದಕ್ಕೇ ಬರಬೇಕು, ಹಿಂದಿನದು ತಮಗೆ ಕಾಣುವುದಿಲ್ಲ, ಮುಖ ಆ ಕಡೆ ಮಾಡಿ ದಾರಿ ಹೇಳುವವರೊಬ್ಬರು ಬೇಕು, ಹಗುರ ಇರುವವರು. ಇದನ್ನೆಲ್ಲ ಅವರು ಅಂಗಳದ ಬೇವಿನ ಮರಕ್ಕೆ ಹೇಳಿದರು. ಅತ್ತೆ ನನ್ನ ಕಡೆಗೆ ನೋಡಿದರು. ನಾನು ಬೇವಿನ ಮರವನ್ನು ನೋಡಿದೆ. ಸೀರೆ ಎತ್ತಿ ಕಟ್ಟಬೇಕು, ಗಾಲಿಗೆ ಸಿಗುತ್ತದೆ ಎಂದು ಮರಕ್ಕೆ ಇನ್ನೊಂದು ಮಾತು ಹೇಳಿ ಅವರು ಗಾಡಿ ಚಾಲೂ ಮಾಡಿದರು.

ಹಿಂದೆ ಸಾಮಾನಿನ ಪೆಟ್ಟಿಗೆಯೊಂದಿತ್ತು. ಅದರ ಮೇಲೆ ಊರಿನ ಕಡೆಗೆ ಮುಖ ಮಾಡಿ ಕೂತೆ. ಬೆನ್ನಿಗೆ ಬೆನ್ನು. ಸೊಸೆಯಾಗಿ ಬಂದು ಮೂರನೆಯ ವರ್ಷಕ್ಕೆ ಮೊದಲ ಸಲ ಮಾವನ ಎದುರಿಗೆ, ಅಲ್ಲ, ಬೆನ್ನಿಗೆ ಕೂತಿದ್ದೆ. ಗಾಡಿ ಕೆಸರಿಗೆ ಇಳಿಯಿತು. ಇನ್ನೇನು ಹೂತಿತು ಎಂದುಕೊಂಡು ಕಣ್ಣು ಮುಚ್ಚಿದೆ. ಹೂತುಕೊಳ್ಳಲಿಲ್ಲ. ಆ ಜೋಡಿ ಗಾಲಿಗಳು ರೊಟ್ಟಿ ತಟ್ಟಿದ ಹಾಗೆ ಕೆಸರನ್ನು ತಟ್ಟುತ್ತ ಹೊರಟವು. ಮಾವನವರು ಹಳೆಯ ಊರಿನ ಗಾಡಿದಾರಿ ಎಲ್ಲಿತ್ತೋ ಅಲ್ಲಿಯೇ ನಡೆಸುತ್ತಿದ್ದರು. ಅದು ಒಳಗೆ ಇನ್ನೂ ಗಟ್ಟಿಯಾಗಿತ್ತು. ನನ್ನ ಕಣ್ಣಮುಂದೆ ಹೊಸ ಊರು ಮೆಲ್ಲಗೆ ಸಣ್ಣದಾಗುತ್ತ ಹೋಯಿತು. ನನಗೆ ಭಯವಾಗಬೇಕಿತ್ತು. ತಂದೆಯವರ ಸೈಕಲ್ಲು ನೆನಪಾಗಿ ಭಯ ಅರ್ಧ ಇಳಿಯಿತು.

ದಿಬ್ಬದ ಮೇಲೆ ಕಾಕಾ ಕಂಬಳಿ ಹೊದ್ದು ಕುರಿಗಳ ನಡುವೆ ನಿಂತಿದ್ದರು. ಅಣ್ಣನನ್ನು ನೋಡಿ ಕಣ್ಣು ಒರೆಸಿಕೊಂಡರು. ಹೊಡೆದರೂ ಬೈದರೂ ಕುರಿ ಆ ನೀರಿಗೆ ಕಾಲಿಡುತ್ತಿಲ್ಲ ಎಂದರು. ಆಮೇಲೆ ಮುಂದಿನ ತೊಟ್ಟಿಲನ್ನು ನೋಡಿದರು.

“ಮರಿಗೋಳ್ನ ಇದರಾಗ ತುಂಬೋಣ ಅಣ್ಣಾ. ಮರಿ ಮುಖ ಕಾಣಬೇಕು, ದನಿ ಕೇಳಬೇಕು. ಅಂದ್ರ ತಾಯಿ ಬಂದ ಬರ್ತಾವ.”

ಒಂದೊಂದೇ ಮರಿಯನ್ನು ಎತ್ತಿ ಕೊಟ್ಟರು. ತೊಟ್ಟಿಲು ತುಂಬಿ, ಉಳಿದವು ಮಾವನವರ ತೊಡೆಯ ಮೇಲೆ, ಒಂದು ನನ್ನ ಮಡಿಲಲ್ಲಿ ಬಂದು ಬಿದ್ದವು. ಗಾಡಿ ಸರಿಯಾಗಿದ್ದರೆ ಆಗುತ್ತಿದ್ದದ್ದೇ ಬೇರೆ. ತಿರುಗಿಸಲು ಹೋಗಿ ಹೂತುಕೊಳ್ಳುತ್ತಿತ್ತು. ತಿರುಗಿದ್ದರೂ ಮರಿಗಳು ಆ ತುದಿಗಾಗುತ್ತಿದ್ದವು, ತಾಯಂದಿರಿಗೆ ಮಾವನವರ ಬೆನ್ನು ಕಾಣುತ್ತಿತ್ತು. ಈಗ ಹಿಂಡಿಗೆ ಎದುರಾಗಿ ಮರಿಗಳು, ಮರಿಗಳ ಹಿಂದೆ ಕುರುಬನೊಬ್ಬನ ಮುಖ. ಮಾವನವರು ಲಾಳಿ ಹಿಡಿದು ಮೊದಲನೇ ಗೇರಿಗೆ ಹಾಕಿದರು. ಗಾಡಿ ಹಿಂದಕ್ಕೆ ಹೊರಟಿತು. ಅವರು ಮಗ್ಗ ಸೇರಿದ ಮೇಲೆ ಯಾರೂ ಕೇಳದಿದ್ದ ಒಂದು ಕೂಗು ಅವರ ಗಂಟಲಿನಿಂದ ಬಂತು, ಕುರಿ ಕರೆಯುವ ಕೂಗು.

ನನಗೆ ಹಿಂಡು ಕಾಣುತ್ತಿರಲಿಲ್ಲ. ತಿರುಗಿ ನೋಡುವಂತಿರಲಿಲ್ಲ. ನಾವು ಬರುವಾಗ ಮಾಡಿದ್ದ ಗಾಲಿಯ ಗುರುತು ಅರ್ಧ ನೀರಿನೊಳಗೆ ಹೋಗಿತ್ತು, ಅದರ ಮೇಲೆಯೇ ಕಣ್ಣಿಟ್ಟು ದಾರಿ ಹೇಳಬೇಕಿತ್ತು. ಗಾಡಿ ಒಂದು ಕಡೆಗೆ ಜಾರುವುದನ್ನು ನೋಡಿ ಎಡಕ್ಕೆ ಎಂದು ಕೂಗಿದೆ. ಅದು ಇನ್ನಷ್ಟು ಜಾರಿತು. ಎಡಕ್ಕೆ, ಎಡಕ್ಕೆ ಎಂದು ಕೂಗಿದಷ್ಟೂ ಜಾರಿ ಒಂದು ಬದಿಯ ಗಾಲಿ ಧಸಕ್ಕನೆ ಇಳಿಯಿತು. ಎಂಜಿನ್ ಮುಲುಗಿತು. ನಾನು ಅಳುವುದೊಂದು ಬಾಕಿ. ಆಗ ಬೆನ್ನ ಹಿಂದಿನಿಂದ ಮಾತು ಬಂತು, ಸಾವಕಾಶವಾಗಿ, ನಡುವೆ ಚೌಕಟ್ಟಿಲ್ಲದೆ, ಬೆಕ್ಕಿಲ್ಲದೆ.

“ನಿನ್ನ ಎಡ ನನಗ ಬಲ ಆಕ್ಕೈತಿ ಯವ್ವಾ. ಅದನ್ನ ಬಿಡು. ಫ್ಯಾಕ್ಟರಿ ಚಿಮಣಿ ಕಾಣ್ತದಲ್ಲ? ಚಿಮಣಿ ಕಡೆ ಏನ್ ನೀರಿನ ಕಡೆ ಏನ್, ಅಷ್ಟ ಹೇಳು.”

ದೂರದಲ್ಲಿ ಬಾಡಗಂಡಿಯ ದಿಕ್ಕಿಗೆ ಸಕ್ಕರೆ ಕಾರ್ಖಾನೆಯ ಚಿಮಣಿ ನಿಂತಿತ್ತು. ಕಬ್ಬು ಅರೆಯುವ ಹಂಗಾಮು ಅಲ್ಲದ್ದರಿಂದ ಹೊಗೆಯಿರಲಿಲ್ಲ. ಚಿಮಣಿ ಕಡೆ ಎಂದೆ. ಗಾಲಿ ಮೆಲ್ಲಗೆ ಮೇಲಕ್ಕೆ ಬಂತು. ಮುಂದೆ ಇಡೀ ದಾರಿ ನಾವಿಬ್ಬರೂ ಆಡಿದ್ದು ಅದೇ ಮಾತು. ಚಿಮಣಿ ಕಡೆ ಮಾವಾರ. ಹೂಂ ಯವ್ವಾ. ಇನ್ನ ನೀರಿನ ಕಡೆ ಸ್ವಲ್ಪ. ಹೂಂ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲವಾದ್ದರಿಂದಲೋ ಏನೋ, ಪದ್ಧತಿಗೂ ನಮ್ಮನ್ನು ತಡೆಯಲು ದಾರಿ ಸಿಗಲಿಲ್ಲ. ಹಿಂದೆ ಮರಿಗಳು ಕೂಗುತ್ತಿದ್ದವು. ದೂರದಿಂದ ತಾಯಂದಿರ ಕೂಗು. ಅದು ಹತ್ತಿರ ಬರುತ್ತಿದೆಯೋ ಅಲ್ಲಿಯೇ ಉಳಿಯಿತೋ ತಿಳಿಯದೆ ನಾನು ಬೀರೇಶ್ವರನಿಗೆ ಹರಕೆ ಹೊತ್ತೆ, ಮಡಿಲಿನ ಮರಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಗಾಲಿಗೆ ಊರಿನ ಗರಸು ನೆಲ ಸಿಕ್ಕಿತು. ಕರಕರ ಎಂದಿತು. ಆಗ ತಿರುಗಿ ನೋಡಿದೆ.

ಹೇಗೆ ಹೇಳಲಿ! ಆ ಕರಿಯ ಕೆಸರಿನ ನಡುವೆ ನಮ್ಮ ಗಾಲಿಗಳು ಮಾಡಿದ ಎರಡು ಹಾದಿಗಳು. ಆ ಎರಡು ಹಾದಿಗಳ ತುಂಬ ಕುರಿಗಳು, ಒಂದರ ಹಿಂದೆ ಒಂದು, ದಿಬ್ಬದಿಂದ ನಮ್ಮ ಕಾಲ ಬುಡದವರೆಗೆ. ಬೇರೆ ಎಲ್ಲಿಯೂ ಕಾಲಿಡದೆ, ನೀರನ್ನು ನೋಡದೆ, ಮರಿಗಳ ಮುಖವನ್ನಷ್ಟೇ ನೋಡುತ್ತ ಬರುತ್ತಿದ್ದವು. ಎಲ್ಲಕ್ಕೂ ಕೊನೆಗೆ ಕಾಕಾ, ನೀರು ಮೊಣಕಾಲಿಗೆ ಬಂದಿದ್ದರೂ ಬಡಿಗೆ ಊರಿಕೊಂಡು ಮಾಮೂಲಿನ ಹಾಗೆ ನಡೆದು ಬರುತ್ತಿದ್ದರು. ನಾನು ಓದಿದವಳು, ನಾಲ್ಕು ಊರು ಕಂಡವಳು. ಅಂಥದ್ದನ್ನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಕೈಗಳು ತಾವೇ ಮುಗಿದವು. ಯಾರಿಗೆ ಮುಗಿದೆನೋ ಗೊತ್ತಿಲ್ಲ. ಕುರಿಗೋ, ದೇವರಿಗೋ, ಆ ತಪ್ಪು ಕೂಡಿಸಿದ ಅಚ್ಚಿಗೋ.

ಕಾಕಿ ಮಾಳಿಗೆಯಿಂದ ಇಳಿದು ಓಡಿಬಂದು ಗಾಡಿಯ ಗಾಲಿಗೆ ನೀರು ಹಾಕಿ ಕುಂಕುಮ ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ದಿಬ್ಬ ಇದ್ದ ಜಾಗದಲ್ಲಿ ಬರೀ ನೀರು. ಕಾಕಾ ಗಾಡಿಯ ಪಕ್ಕದಲ್ಲಿಯೇ ಕಂಬಳಿ ಹಾಸಿ ಮಲಗಿಬಿಟ್ಟರು.

ಆ ಸಂಜೆ ನಾನು ಬಹಳ ಹುರುಪಿನಲ್ಲಿದ್ದೆ. ಇನ್ನು ಮಾವನವರು ನನ್ನ ಜೊತೆ ಮಾತಾಡುತ್ತಾರೆ ಎಂದುಕೊಂಡು ಚಹಾದ ನೀರನ್ನು ಕೇಳುವ ಮೊದಲೇ ಇಟ್ಟಿದ್ದೆ. ಮಾವನವರು ಬಂದು ಕೂತು, ಗಂಟಲು ಸರಿಮಾಡಿಕೊಂಡು, ಚಹಾ ಆದರೆ ಬರಲಿ ಎಂದು ಕಾಕಾನ ಮನೆಯ ಚೌಕಟ್ಟಿಗೆ ಹೇಳಿದರು. ಚಹಾ ಕೊಟ್ಟೆ. ಸಕ್ಕರೆ ಹಾಕಲು ಮರೆತಿದ್ದೆ. ಅವರು ಕೊನೆಯ ಗುಟುಕಿನವರೆಗೂ ಕುಡಿದರು.

ಅಚ್ಚನ್ನು ಸರಿಮಾಡುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಗಾಡಿ ಕಾಕಾನ ಅಂಗಳದಲ್ಲಿಯೇ ಉಳಿಯಿತು, ಮಾವನವರು ನಡುವೆ ಒಂದೆರಡು ಸಲ ಒಬ್ಬರೇ ಅಲ್ಲಿಗೆ ಹೋಗಿಬಂದರು. ಆದರೆ ದೀಪಾವಳಿಗೆ ನಾವು ಮತ್ತೆ ಅಲ್ಲಿಗೆ ಹೋದಾಗ ಗಾಡಿಯಲ್ಲಿ ಒಂದು ಬದಲಾವಣೆಯಾಗಿತ್ತು. ಸಾಮಾನಿನ ಪೆಟ್ಟಿಗೆ ಹೋಗಿ ಆ ಜಾಗದಲ್ಲಿ, ಹಿಂದಕ್ಕೆ ಮುಖ ಮಾಡಿ, ಒಂದು ಸೀಟು ಬಂದಿತ್ತು. ಮೆತ್ತನೆಯ ಸೀಟು, ಬನಹಟ್ಟಿಯ ಸೀರೆಯ ಬಟ್ಟೆಯ ಹೊದಿಕೆ. ಎರಡೂ ಬದಿಗೆ ಗಾಲಿಗೆ ಸೆರಗು ಸಿಗದಂತೆ ತಗಡು ಬಡಿದಿತ್ತು, ಕಾಲಿಡಲು ಹಲಗೆ ಇತ್ತು. ಡ್ರೈವರನ ಸೀಟು ಮಾತ್ರ ಹಳೆಯ ಗೋಣಿಚೀಲದ್ದೇ. ಇದು ಯಾರಿಗೆ ಎಂದು ಅತ್ತೆ ಕೇಳಿದರು. ದಾರಿ ಹೇಳುವವರು ಕಷ್ಟಪಟ್ಟು ಕೂಡಬಾರದು ಎಂದು ಮಾವನವರು ಬೇವಿನ ಮರಕ್ಕೆ ಹೇಳಿದರು. ನಾನು ಹೋಗಿ ಆ ಸೀಟಿನಲ್ಲಿ ಕೂತೆ. ನನ್ನ ಅಳತೆಗೆ ಸರಿಯಾಗಿತ್ತು.

ಗಾಡಿ ಅಲ್ಲಿ ಬಹಳ ವರ್ಷ ಓಡಿತು. ಯಾರ ಯಾರ ಮರಿಗಳನ್ನೋ ತಂದಿತು, ಒಂದು ಸಲ ಒಬ್ಬ ಬಾಣಂತಿಯನ್ನೂ ತಂದಿತಂತೆ. ಈಗ ಕಾಕಾನ ಹಿತ್ತಲಲ್ಲಿ ನಿಂತಿದೆ. ತೊಟ್ಟಿಲಲ್ಲಿ ಕೋಳಿ ಮೊಟ್ಟೆ ಇಡುತ್ತವೆ.

ಕಳೆದ ಚಳಿಗಾಲದಲ್ಲಿ ಮಾವನವರ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಯಿತು, ಜಮಖಂಡಿಯ ಆಸ್ಪತ್ರೆಯಲ್ಲಿ. ಆ ಕಣ್ಣಿಗೆ ಪಟ್ಟಿ ಕಟ್ಟಿದ್ದರು, ಇನ್ನೊಂದು ಮೊದಲೇ ಮಂಜು. ನಮ್ಮ ಮನೆಯವರು ಔಷಧಿ ತರಲು ಹೋಗಿದ್ದರು. ಮಾವನವರನ್ನು ಹೊರಗೆ ಕರೆತರಲು ನಾನೊಬ್ಬಳೇ ಇದ್ದೆ. ಅವರ ಕೈ ಹಿಡಿಯಲು ನನಗೆ ಸಂಕೋಚ, ಹಿಡಿಸಿಕೊಳ್ಳಲು ಅವರಿಗೂ ಸಂಕೋಚ. ಅವರು ಎದ್ದು ನಿಂತು ಗೋಡೆಗಾಗಿ ಕೈಯಾಡಿಸಿದರು. ಮಾತು ಹೇಳಲು ಒಂದು ಚೌಕಟ್ಟನ್ನು ಹುಡುಕಿದರೋ ಏನೋ, ಕಾಣಿಸಲಿಲ್ಲ.

“ಚಿಮಣಿ ಯಾವ ಕಡೆ ಐತಿ ಯವ್ವಾ?” ಎಂದರು.

ನಾನು ಅವರ ಎದುರಿಗೆ ಬಂದು ನಿಂತೆ. ಅವರ ಕಡೆಗೆ ಮುಖ ಮಾಡಿಕೊಂಡೇ, ಒಂದೊಂದು ಹೆಜ್ಜೆ ಹಿಂದಕ್ಕೆ ಇಡತೊಡಗಿದೆ.

“ನನ್ನ ದನಿ ಕಡೆ ಬರ್ರಿ ಮಾವಾರ,” ಎಂದೆ.

ಅವರು ಗೋಡೆಯಿಂದ ಕೈ ತೆಗೆದು ನಡೆದು ಬಂದರು.